ಬಾಗಿನದ ಮಾತ್ರೆ

ಕಾರಿನ ಬಾಗಿಲನ್ನೂ ಹಾಕದೆ ಇಳಿದು ಬಂದ ಕಾಂತರಾಜು, ಜಗಲಿಯ ಮೇಲೆ ಮಲಗಿಸಿದ್ದ ಅಕ್ಕನ ಮುಖದ ಬಟ್ಟೆ ಸರಿಸಿ ನೋಡಿದವನೇ, ಹೊದಿಸಲೆಂದು ಬಿಚ್ಚುತ್ತಿದ್ದ ಹಸಿರು ಸೀರೆಯನ್ನು ಮತ್ತೆ ಮಡಿಸಿ ಕಂಕುಳಿಗೆ ಸಿಕ್ಕಿಸಿಕೊಂಡ.

"ಈ ಸೀರೆ ನಾನು ಒದ್ಸಕಿಲ್ಲ," ಎಂದ. "ನಮ್ಮಕ್ಕ ಎಂಗ್ ಸತ್ಲು ಅಂತ ಮೊದ್ಲು ಈ ಮನೆಯೋರು ಬಾಯ್ಬುಡ್ಲಿ. ಮಿಕ್ಕಿದ್ದು ಆಮೇಲೆ."

ಅಂಗಳದಲ್ಲಿ ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದವರ ಕೈ ನಿಂತಿತು. ಬಡಿಯುತ್ತಿದ್ದ ತಮಟೆಯೂ ನಿಂತಿತು. ಮುತ್ತೈದೆಯಾಗಿ ಸತ್ತ ಹೆಣ್ಣಿಗೆ ತವರಿನ ಸೀರೆ ಹೊದಿಸದೆ ಹೆಣ ಎತ್ತುವಂತಿಲ್ಲ. ಹಳೇಕೋಟೆಯಲ್ಲಿ ಇದು ಸಣ್ಣ ಮಕ್ಕಳಿಗೂ ಗೊತ್ತು. ಬೆಳಗಿನಿಂದ ಎಲ್ಲರೂ ಕಾದು ಕೂತಿದ್ದದ್ದೇ ಚನ್ನರಾಯಪಟ್ಟಣದಿಂದ ಬರಬೇಕಾಗಿದ್ದ ಈ ಸೀರೆಗೆ.

ರೂಪಶ್ರೀ ಹೊಸ್ತಿಲ ಒಳಗೆ ನಿಂತಿದ್ದಳು. ಅತ್ತೆಯ ಮೈ ತೊಳೆಸಿ ಬಂದವಳ ಮುಂಗೈಗೆ ಸೀಗೆಪುಡಿ ಇನ್ನೂ ಅಂಟಿಕೊಂಡಿತ್ತು. ಕಾಂತರಾಜುವಿನ ಕಣ್ಣು ತನ್ನ ಮೇಲೆಯೇ ಇದೆಯೆಂದು ಅವಳಿಗೆ ನೋಡದೆಯೂ ತಿಳಿಯುತ್ತಿತ್ತು.

"ನೋಡ್ರಪ್ಪ ಎಲ್ರೂವೆ. ಗೌರಿ ಅಬ್ಬುಕ್ಕೆ ನಾನು ಬಂದಾಗ ಕಂಬ ಇದ್ದಂಗಿದ್ಲು ನಮ್ಮಕ್ಕ. ಈಗ ನೋಡಿ, ಒಣಗಿದ್ ಸೌದೆ. ಒಟ್ಟೆಗೆ ಅನ್ನ ಆಕಿದ್ರೆ ಇಂಗಾಯ್ತಿತ್ತಾ?"

ತಲೆ ತಗ್ಗಿಸಿ ಕೂತಿದ್ದ ರೂಪಶ್ರೀಯ ಮಾವ ಚನ್ನಪ್ಪ, ಸತ್ತವಳ ಗಂಡ, ಮೆಲ್ಲಗೆ ಗಂಟಲು ಸರಿಮಾಡಿಕೊಂಡರು. "ಉಂಡಿದ್ದು ದಕ್ತಿರ್ಲಿಲ್ಲ ಕಣಪ್ಪ. ಬರೀ ವಾಂತಿ..."

"ನೀವು ಸುಮ್ಕಿರಿ ಭಾವ. ನೀವ್ ಯಾವತ್ತು ಒಲೆ ಮುಂದೆ ಕುಂತು ನೋಡಿದ್ರಿ?"

ಎದುರು ಮನೆಯ ಸಣ್ಣಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಎದ್ರುಗೆ ಎಣ ಮಡಿಕ್ಕಂಡು ಸುಳ್ಳೇಳಕಿಲ್ಲ ಕಣಪ್ಪ ನಾನು. ದಿನಾ ನಮ್ಮನೆ ಬಾಗ್ಲಿಗೆ ಬಂದು, 'ಸಣ್ಣಕ್ಕ, ಒಂಚೂರು ನೀರ್ ಕೊಡೆ' ಅನ್ನೋಳು. ಚೊಂಬ್ ಚೊಂಬೇ ಕುಡಿಯೋಳು, ಪಾಪದ್ದು. ಮನೇಲಿ ನೀರಿಗೂ ಗತಿ ಇರ್ಲಿಲ್ವೇನೋ."

"ಚಿಲ್ಕ ಆಕಿ ಕೂಡಾಕಿರ್ಲಿಲ್ವಾ?" ಎಂದಿತು ಹಿಂದಿನಿಂದ ಇನ್ನೊಂದು ದನಿ.

"ಸೊಸೆ ನನ್ ಮಾತ್ರೆ ಎಲ್ಲ ಕದ್ದವ್ಳೆ, ನನ್ನ ಸಾಯಿಸ್ತಾಳೆ ಅಂತ ಅಕ್ಕ ಫೋನ್ನಲ್ಲಿ ಅತ್ತವ್ಳೆ ನನ್ತಾವ!" ಕಾಂತರಾಜುವಿನ ದನಿ ಏರಿತು. "ಕರೀಲಾ ಪೋಲಿಸ್ನೋರ? ನರಸೀಪುರದಿಂದ ಜೀಪು ಬರಕ್ಕೆ ಎಷ್ಟೊತ್ತು ಬೇಕು?"

ಬಡಕಲಾಗಿದ್ದದ್ದು ನಿಜ. ನೀರು ಬೇಡಿದ್ದು ನಿಜ. ಚಿಲಕ ಹಾಕಿದ್ದು, ಮಾತ್ರೆ ಬಚ್ಚಿಟ್ಟದ್ದು, ಅದೂ ನಿಜವೇ. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ರೂಪಶ್ರೀಯ ಬಾಯಿ ಕಟ್ಟಿದ್ದೇ ಅದು.

*

ಕಾಮಾಕ್ಷಮ್ಮನಿಗೆ ತವರೆಂದರೆ ಕಾಂತರಾಜು ಒಬ್ಬನೇ. ಅವ್ವ ಸತ್ತಾಗ ಅವನಿನ್ನೂ ಹಾಲು ಬಿಡದ ಕೂಸು. ಲಂಗ ಉಡುವ ವಯಸ್ಸಿನ ಅಕ್ಕ ಅವನನ್ನು ಸೊಂಟಕ್ಕೆ ಏರಿಸಿಕೊಂಡೇ ಕಳೆ ಕೀಳಲು ಹೋಗುತ್ತಿದ್ದಳಂತೆ. ನಡೆಯುವಾಗ ತನ್ನ ಮೈ ಎಡಕ್ಕೆ ವಾಲುವುದು ಅವನನ್ನು ಹೊತ್ತೂ ಹೊತ್ತೂ ಎಂದು ಹೇಳಿಕೊಳ್ಳುವುದರಲ್ಲಿ ಆಕೆಗೊಂದು ಹೆಮ್ಮೆ. ಮದುವೆಯಾಗಿ ಹಳೇಕೋಟೆಗೆ ಬಂದ ಮೇಲೆ ದನ, ತೆಂಗು, ಬೆಳಗಾಗುವ ಮೊದಲೇ ಡೈರಿಗೆ ಹಾಲಿನ ಕ್ಯಾನು, ಒಬ್ಬ ಮಗ, ಒಬ್ಬಳು ಮಗಳು. ಬಾಯಿ ಸ್ವಲ್ಪ ಜೋರು. ಸೊಸೆಯ ಮುದ್ದೆಯಲ್ಲಿ ಗಂಟು ಹುಡುಕದೆ ಉಂಡ ದಿನವಿಲ್ಲ. ಮಗಳು ರಂಜಿತಾಳನ್ನು ತಮ್ಮನ ಮಗ ಭರತನಿಗೇ ಕೊಟ್ಟು, ತಮ್ಮನ ಹೆಂಡತಿ ಗಂಗಾಂಬಿಕೆಯನ್ನು ಬೀಗಿತಿಯಾಗಿಸಿಕೊಂಡು, ತವರಿನ ದಾರಿಯನ್ನು ಇನ್ನೊಂದು ತಲೆಮಾರಿಗೆ ಗಟ್ಟಿ ಮಾಡಿಕೊಂಡಿದ್ದಳು.

ಗೌರಿ ಹಬ್ಬದ ದಿನ ತಮ್ಮ ಬಾಗಿನ ತರುವ ತನಕ ಕಾಫಿಯನ್ನೂ ಮುಟ್ಟುತ್ತಿರಲಿಲ್ಲ. ಕಳೆದ ಹಬ್ಬಕ್ಕೆ ಅವನು ಹೊಸ ಕಾರಿನಲ್ಲಿ ಬಂದ. ಕೊಬ್ಬರಿ ಮಂಡಿಯಲ್ಲಿ ಬನಿಯನ್ ಹಾಕಿ ಕೂರುತ್ತಿದ್ದವನು ಯಾವುದೋ ಶಕ್ತಿಮಾತ್ರೆಯ ಕಂಪನಿಗೆ ಸೇರಿ, ಟೈ ಕಟ್ಟಿಕೊಂಡು ಮೀಟಿಂಗಿಗೆ ಓಡಾಡಲು ಶುರುಮಾಡಿದ್ದ. ಮೊರದಲ್ಲಿ ಬಳೆ, ಅರಿಶಿನ, ಕುಪ್ಪಸದ ಕಣದ ಜೊತೆ ಚಿನ್ನದ ಬಣ್ಣದ ಅಕ್ಷರಗಳ ಡಬ್ಬಗಳೂ ಇದ್ದವು.

"ಇದು ಮದ್ದಲ್ಲ ಕಣಕ್ಕ, ಆಹಾರ. ದಿನಾ ಒಂದು ನುಂಗು. ನೋವು ಜಾಸ್ತಿ ಇದ್ರೆ ಎರಡು. ಮೂಳೆ ಕಬ್ಬಿಣ ಆಯ್ತದೆ."

ರೂಪಶ್ರೀ ಕೇಳಿದ್ದಳು. "ಮಾವ, ಮಂಡಿನೋವಿಗೆ ಅಂತ ಡಾಕ್ಟ್ರು ವಾರಕ್ಕೊಂದು ಶಕ್ತಿಮಾತ್ರೆ ಬರ್ದುಕೊಟ್ಟವ್ರೆ. ಎರಡೂ ಒಟ್ಟಿಗೆ ತಗೋಬೋದಾ?"

"ವಾರಕ್ಕೊಂದಾ? ನೀನು ವಾರಕ್ಕೊಂದ್ಸಲ ಊಟ ಮಾಡ್ತೀಯೇನಮ್ಮ?" ಎಂದು ಅವನು ಎಲ್ಲರನ್ನೂ ನಗಿಸಿದ. "ಜಾಸ್ತಿ ಆಗಿದ್ದು ಉಚ್ಚೇಲಿ ಓಯ್ತದೆ. ಶಕ್ತಿ ಜಾಸ್ತಿಯಾಗಿ ಯಾರಾನ ಕೆಟ್ಟೋರು ಅವ್ರಾ?"

ಕಾಮಾಕ್ಷಮ್ಮ ಡಬ್ಬಗಳನ್ನು ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿಟ್ಟಳು. ಪೂಜೆ ಮುಗಿಸಿ ಒಂದು, ಸಂಜೆ ದೀಪ ಹಚ್ಚಿ ಇನ್ನೊಂದು. "ತವರಿನ ಬಾಗಿನ ಕಣೆ ಇದು. ಯಾರ್ಗೂ ಅಂಚಂಗಿಲ್ಲ, ಮಿಕ್ಕುಸಂಗಿಲ್ಲ," ಎನ್ನುವಳು. ಡಾಕ್ಟರ ಮಾತ್ರೆಯನ್ನೂ ಬಿಡಲಿಲ್ಲ. ಮೊದಮೊದಲು ಬೆಚ್ಚಗಿನ ಹಾಲಿನ ಲೋಟ ಹಿಡಿದು ಪಕ್ಕದಲ್ಲಿ ನಿಂತು ನುಂಗಿಸುತ್ತಿದ್ದವಳು ರೂಪಶ್ರೀಯೇ. ಮಂಡಿ ಹಗುರಾಯಿತೆಂದು ಅತ್ತೆ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ತೋರಿಸಿದಾಗ ಅವಳಿಗೂ ಸಂತೋಷವಾಗಿತ್ತು. ಡಬ್ಬ ಮುಗಿದೊಡನೆ ಕಾಂತರಾಜು ಬಸ್ಸಿನ ಕಂಡಕ್ಟರ ಕೈಲಿ ಇನ್ನಷ್ಟು ಕಳಿಸುತ್ತಿದ್ದ.

*

"ಬಾಯ್ ಬುಡ್ಬೇಡ ರೂಪಾ," ಎಂದ ಧರ್ಮೇಶ. ಹಿತ್ತಲ ಬಾಗಿಲಿಂದ ಅಡುಗೆಮನೆಗೆ ಬಂದ ಗಂಡ, ಒಲೆಯ ಕಟ್ಟೆಗೆ ಕೈಯೂರಿ ನಿಂತಿದ್ದ. ಹೊರಗೆ ಕಾಂತರಾಜು ಯಾರ ಮೇಲೋ ಕೂಗುತ್ತಲೇ ಇದ್ದ. "ಕಿಡ್ನಿ ಓಗಿತ್ತು ಅಂತ ನಾನು ಎಲ್ರುಗೂ ಏಳಿದೀನಿ. ಅಷ್ಟೇ ಸಾಕು."

"ಯಾಕೋಯ್ತು ಅಂತ ಏಳಿದೀರಾ?"

"ಅದ್ನೇಳಿದ್ರೆ ರಂಜಿ ಗತಿ ಏನು? ಮಾವನ ಮಾತ್ರೆಯಿಂದ್ಲೇ ಅವ್ವ ಸತ್ಲು ಅಂದ್ರೆ ಅವ್ಳ್ನ ಇಲ್ಲೇ ಬುಟ್ಟೋಯ್ತರೆ. ನನ್ ತಂಗಿ ಆ ಮನೇಲಿ ಬಾಳ್ಬೇಕು."

"ಅದುಕ್ಕೆ ನಾನು ಅತ್ತೆ ಕೊಂದೋಳು ಅನ್ನುಸ್ಕಂಡು ಈ ಊರಲ್ಲಿ ಬಾಳ್ಬೇಕು."

"ನಾಕ್ ದಿನ ಆಡ್ಕೋತರೆ. ಆಮೇಲೆ ಮರ್ತೋಯ್ತರೆ ಬುಡು."

"ಈ ಊರೋರು ಏನ್ ಮರ್ತವ್ರೆ? ನಮ್ಮದ್ವೇಲಿ ಪಾಯಸ ಸೀದಿದ್ನ ಇನ್ನೂ ಏಳ್ತರೆ!"

ಧರ್ಮೇಶ ಎರಡೂ ಕೈ ಜೋಡಿಸಿದ. ಅವ್ವನ ಹೆಣ ಹೊರಗಿದೆ, ಕಣ್ಣು ಕೆಂಪಾಗಿದೆ, ಎರಡು ದಿನದ ಗಡ್ಡ. ಅವನ ಮೇಲೆ ಕರುಣೆ ಹುಟ್ಟಬೇಕಾಗಿತ್ತು. ಹುಟ್ಟಲಿಲ್ಲ. ತಂಗಿಯ ಬಾಳಿಗೆ ಹೆಂಡತಿಯ ಹೆಸರನ್ನು ಒತ್ತೆಯಿಡಲು ಇವನಿಗೆ ಇಷ್ಟು ಸಲೀಸೇ?

"ಓಗಿ. ಸೀರೆ ಕೊಡಿ ಅಂತ ನಿಮ್ಮಾವುನ ಕಾಲ್ ಇಡ್ಕಳ್ಳಿ," ಎಂದಳು.

*

ಸಂಕ್ರಾಂತಿಯ ಹೊತ್ತಿಗೆ ಕಾಮಾಕ್ಷಮ್ಮನಿಗೆ ಎಳ್ಳು ಬೆಲ್ಲವೂ ಸೇರಲಿಲ್ಲ. ತಿಂದದ್ದು ವಾಂತಿ, ಹೊಟ್ಟೆ ಕಟ್ಟಿ ವಾರವಾದರೂ ಹೊರಗೆ ಹೋಗದ ಸಂಕಟ. ಬಾಯಾರಿಕೆಯಂತೂ ಹೇಳತೀರದು. ಬಿಂದಿಗೆ ಬರಿದು ಮಾಡಿ ಎದುರು ಮನೆಗೆ ಹೋಗುವಳು. ಒಮ್ಮೆ ದನ ನೀರು ಕುಡಿಯುವ ಬಾನಿಗೇ ಬಗ್ಗಿ ಬಾಯಿ ಹಾಕಿದ್ದಳು. ನರಸೀಪುರದಲ್ಲಿ ಗ್ಯಾಸ್ಟ್ರಿಕ್ ಎಂದರು. ನಿಶ್ಶಕ್ತಿಗೆ ಇದೇ ಮದ್ದೆಂದು ಫೋನಿನಲ್ಲಿ ತಮ್ಮ ಹೇಳಿದ. "ಎರಡು ಸಾಲ್ದು, ಮೂರು ತಗೋ."

ಆಮೇಲೆ ಮಾತು ಹಳಿ ತಪ್ಪಿತು. ಕೊಟ್ಟಿಗೆಯ ಹಸುವನ್ನು "ಅವ್ವಾ" ಎಂದು ಕರೆದು ತಮ್ಮನಿಗೆ ಹಾಲು ಕುಡಿಸೆನ್ನುವಳು. ಕಾಂತರಾಜು ಬರುತ್ತಾನೆಂದು ಹೆದ್ದಾರಿಯ ಕಡೆ ಹೊರಟುಬಿಡುವಳು. ಲಾರಿಗೆ ಸಿಕ್ಕಾಳೆಂಬ ಹೆದರಿಕೆಗೆ ಚಿಲಕ ಹಾಕಿದರು. ನುಂಗಿದ ಗುಳಿಗೆ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಸುಮ್ಮನೆ ಸಂಕಟವೇಕೆ ಎಂದು ರೂಪಶ್ರೀ ಡಬ್ಬಗಳನ್ನು ಅಕ್ಕಿ ಮಡಕೆಯಲ್ಲಿ ಬಚ್ಚಿಟ್ಟಳು. ಆದರೆ ಅತ್ತೆಯ ದಿಂಬಿನ ಕೆಳಗೆ ಬೇರೆ ಇದ್ದವು. ವಾಂತಿ ಮಾಡಿ ಬಾಯಿ ಮುಕ್ಕಳಿಸಿ ಮತ್ತೆ ನುಂಗುತ್ತಿದ್ದಳು.

ಹಾಸನದ ಆಸ್ಪತ್ರೆಯ ಡಾಕ್ಟರಮ್ಮ ರಕ್ತದ ವರದಿ ನೋಡಿ, "ಮನೇಲಿ ಏನೇನು ಕೊಡ್ತಿದ್ರಿ?" ಎಂದು ಕೇಳಿದರು. ರೂಪಶ್ರೀ ಚೀಲವನ್ನು ಮೇಜಿನ ಮೇಲೆ ಬರಿದು ಮಾಡಿದಳು. ಡಾಕ್ಟರಮ್ಮ ಬಾಗಿನದ ಡಬ್ಬವನ್ನೂ ನರಸೀಪುರದ ಡಾಕ್ಟರು ಮಂಡಿನೋವಿಗೆ ಬರೆದಿದ್ದ ಮಾತ್ರೆಯನ್ನೂ ಅಕ್ಕಪಕ್ಕ ಇಟ್ಟರು.

"ಹೆಸರು ಬೇರೆ ಅಷ್ಟೇ. ಎರಡರಲ್ಲೂ ಇರೋದು ವಿಟಮಿನ್ ಡಿ. ವಾರಕ್ಕೊಂದರಂತೆ ಸ್ವಲ್ಪ ದಿನ ಮಾತ್ರ ತಗೋಬೇಕಾದ್ದು. ಇವರು ದಿನಾ ತಗೊಂಡಿದ್ದಾರೆ."

"ಜಾಸ್ತಿಯಾಗಿದ್ದು ಮೂತ್ರದಲ್ಲಿ ಹೋಗುತ್ತೆ ಅಂದಿದ್ರು ಮೇಡಂ..."

"ಕೆಲವು ವಿಟಮಿನ್ ಹೋಗುತ್ತಮ್ಮ. ಇದು ಹೋಗಲ್ಲ. ಮೈಯ ಕೊಬ್ಬಲ್ಲಿ ಕೂತ್ಕೊಂಡು, ರಕ್ತಕ್ಕೆ ಸುಣ್ಣದಂಶ ಏರಿಸುತ್ತೆ. ಈ ಬಾಯಾರಿಕೆ, ವಾಂತಿ, ಮಾತು ತಪ್ಪೋದು, ಎಲ್ಲಾ ಅದರಿಂದಲೇ. ಕಿಡ್ನಿ ಎರಡೂ ಸೋತಿವೆ. ಬಾಯಾರಿಕೆ ಶುರುವಾದಾಗಲೇ ಕರ್ಕೊಂಡು ಬಂದಿದ್ರೆ ಉಳಿಸ್ಕೋಬಹುದಿತ್ತು."

ಧರ್ಮೇಶ ಡಬ್ಬಗಳನ್ನು ಮತ್ತೆ ಚೀಲಕ್ಕೆ ತುಂಬಿದ. ಆಸ್ಪತ್ರೆಯಲ್ಲಿದ್ದಷ್ಟು ದಿನ ರೂಪಶ್ರೀ ಅತ್ತೆಯ ತುಟಿಗೆ ಒದ್ದೆ ಬಟ್ಟೆ ಒತ್ತಿದಳು, ತಲೆ ಬಾಚಿದಳು. ಕಡೆಗೊಮ್ಮೆ ಕಣ್ಣು ನಿಚ್ಚಳವಾದಾಗ ಕಾಮಾಕ್ಷಮ್ಮ ಸೊಸೆಯನ್ನು ಗುರುತು ಹಿಡಿದಳು. "ನನ್ ತಮ್ಮ ಕೊಟ್ಟಿದ್ದ ಎಲ್ಲಿ ಬಚ್ಚಿಟ್ಟೆ ಕಳ್ಳಿ?" ಎಂದಳು. ಆಮೇಲೆ ಮಾತಾಡಲಿಲ್ಲ.

*

ನೀರಿಗೆಂದು ಅಡುಗೆಮನೆಗೆ ಬಂದ ರಂಜಿತಾ ನೆಲದ ಮೇಲೆ ಕೂತಳು. ಅತ್ತು ಅತ್ತು ಮುಖ ಊದಿತ್ತು.

"ಮಾವನ ಮಾತ್ನ ಮನ್ಸಿಗೆ ಆಕ್ಕೋಬೇಡಿ ಅತ್ತಿಗೆ. ಅವ್ರಿಗೂ ತಲೆ ಕೆಟ್ಟೋಗೈತೆ. ಮನೇಲಿ ನಮ್ಮತ್ತೆಗೂ ಉಷಾರಿಲ್ಲ."

"ಗಂಗಾಂಬಿಕತ್ತೆಗಾ? ಅದುಕ್ಕೇ ಬರ್ಲಿಲ್ವಾ ಅವ್ರು?"

"ಎದ್ದು ನಿಲ್ಲಕ್ಕಾಗಲ್ಲ. ತಿಂದಿದ್ದೆಲ್ಲ ವಾಂತಿ. ನೀರಂತೂ ಎಷ್ಟು ಕುಡುದ್ರೂ ಸಾಲ್ದು, ಮಂಚದ ಪಕ್ಕ ಬಿಂದ್ಗೇನೇ ಮಡ್ಗಿದೀನಿ. ನಿನ್ನೆ ನನ್ನೇ ನೋಡಿ, 'ಯಾರಮ್ಮ ನೀನು, ಯಾವೂರು' ಅಂದ್ರು."

ಚೊಂಬಿಗೆ ನೀರು ಬಗ್ಗಿಸುತ್ತಿದ್ದ ರೂಪಶ್ರೀ ತಿರುಗಿದಳು.

"ಅವ್ರೂ ಮಾವನ ಮಾತ್ರೆ ತಗೋತರಾ?"

"ತಗೋತರೆ. ಮಾವ್ನೇ ಕೈಯಾರೆ ಕೊಡೋದು, ಒತ್ತೊತ್ತಿಗೆ. ಯಾಕೆ?"

ಒಂದು ಗಳಿಗೆ ರೂಪಶ್ರೀಗೆ ಅನ್ನಿಸಿದ್ದು ಒಳ್ಳೆಯದಲ್ಲ. ಕಾಂತರಾಜು ಕೊಟ್ಟರೆ ಕೊಡಲಿ ಎನ್ನಿಸಿತು. ಅವನೂ ಒಂದು ಹೆಣದ ಮುಂದೆ ಕೂರಲಿ, ಅವನ ಮುಖಕ್ಕೂ ನಾಲ್ಕು ಜನ ಬೆರಳು ತೋರಿಸಲಿ. ಹೇಗೂ ತನ್ನ ಗಂಡ ಬಾಯಿ ಮುಚ್ಚಿಕೊಂಡಿರು ಎಂದಿದ್ದಾನಲ್ಲ. ಆದರೆ ಗಂಗಾಂಬಿಕೆ ರೂಪಶ್ರೀಯ ಬಾಣಂತನದಲ್ಲಿ ಬಂದು ಹದಿನೈದು ದಿನ ಇದ್ದು ಮಗುವಿಗೆ ನೀರು ಹಾಕಿದವರು. ಮಗುವನ್ನು ಕಾಲ ಮೇಲೆ ಮಲಗಿಸಿ ಮೂಗು ತೀಡುತ್ತಿದ್ದ ಆ ದಪ್ಪ ಬೆರಳುಗಳು ಕಣ್ಣಿಗೆ ಬಂದವು. ಚೊಂಬನ್ನು ಕೆಳಗಿಟ್ಟು ಅವಳು ಹೊರಗೆ ಕಾಂತರಾಜುವಿನ ಹತ್ತಿರ ನಡೆದಳು.

"ಮಾವ, ಮನೆಗೆ ಫೋನ್ ಮಾಡಿ. ಗಂಗಾಂಬಿಕತ್ತೆಗೆ ಆ ಮಾತ್ರೆ ಇನ್ನೊಂದೂ ಕೊಡ್ಬೇಡಿ ಅನ್ನಿ. ಈಗ್ಲೇ ಆಸನಕ್ಕೆ ಕರ್ಕೊಂಡೋಗ್ಲಿ."

ಕಾಂತರಾಜುವಿಗೆ ಮೊದಲು ಅರ್ಥವೇ ಆಗಲಿಲ್ಲ. "ಯಾರ್ಗೇಳ್ತಿದ್ದೀಯಮ್ಮ?"

"ನಿಮ್ಗೆ. ನಮ್ಮತ್ತೆ ಓಗಿದ್ದು ಆ ಮಾತ್ರೆಯಿಂದ್ಲೇ. ನೀವು ಬಾಗಿನದಲ್ಲಿ ಇಟ್ಟು ಕೊಟ್ಟಿದ್ರಲ್ಲ, ಅದ್ರಿಂದ. ಡಾಕ್ಟ್ರು ನನ್ನೆದ್ರುಗೇ, ನಿಮ್ಮಳಿಯನ ಎದ್ರುಗೇ ಏಳವ್ರೆ."

"ರೂಪಾ, ಒಳಕ್ಕೋಗು!" ಧರ್ಮೇಶ ಅವಳ ರಟ್ಟೆ ಹಿಡಿದ. ಅವಳು ಕೊಡವಿಕೊಂಡಳು.

"ಏನಂದೆ? ನಾನು... ನಮ್ಮಕ್ಕುಂಗೆ ವಿಷ ಇಕ್ಕುದ್ನಾ?"

"ವಿಷ ಅಂತ ನಾನಂದಿಲ್ಲ. ಶಕ್ತಿ ಅಂತ್ಲೇ ಕೊಟ್ರಿ ನೀವು. ನಾನೂ ಶಕ್ತಿ ಅಂತ್ಲೇ ಆಲು ಕಾಯ್ಸಿ ನುಂಗ್ಸಿದೆ. ಅದು ಉಚ್ಚೇಲಿ ಓಗಲ್ವಂತೆ ಮಾವ. ಮೈಯಲ್ಲೇ ಕುಂತ್ಕೋತದಂತೆ."

"ಸಾವ್ರಾರು ಜನ ತಿಂತಾವ್ರೆ! ನಾನೂ ತಿಂತೀನಿ. ಕಲ್ಲಿದ್ದಂಗಿದೀನಿ, ನೋಡು!"

"ಮಾತ್ರೆ ತಿಂದು ಸಾಯ್ತರೇನೆ ಅಮ್ಮಿ?" ಎಂದಳು ಸಣ್ಣಕ್ಕ. "ತಿನ್ನಕ್ಕಿಲ್ದೆ ಸಾಯ್ತರೆ. ಎಂಥಾ ಕತೆ ಕಟ್ತೀಯ."

"ನಿಮ್ಮನೇಲಿ ನೀರು ಕುಡಿದಿದ್ದು ನಿಜ ಸಣ್ಣಕ್ಕ. ನಮ್ಮನೇಲಿ ಬಿಂದ್ಗೆ ಬರ್ದು ಮಾಡಿ ನಿಮ್ಮನೆಗೆ ಬತ್ತಿದ್ರು. ಗಂಗಾಂಬಿಕತ್ತೇನೂ ಈಗ ಅಂಗೇ ಕುಡೀತಾವ್ರಂತೆ. ಅವ್ರಿಗೆ ನೀರು ಕೊಡ್ದೆ ಇರೋರ್ಯಾರು, ಕೇಳಿ! ಅವ್ರ ಸೊಸೆ ಇಲ್ಲೇ ಅವ್ಳೆ."

ಎಲ್ಲರೂ ರಂಜಿತಾಳ ಕಡೆ ತಿರುಗಿದರು. ಅವಳು ಹೊಸ್ತಿಲಲ್ಲಿ ನಿಂತಿದ್ದಳು. ಅವಳು ಅವ್ವನ ಮುಖ ನೋಡಿದಳು, ಮಾವನನ್ನು ನೋಡಿದಳು. ಆಮೇಲೆ ಸೊಂಟದಿಂದ ಫೋನು ತೆಗೆದು ಗಂಡ ಭರತನಿಗೆ ಮಾಡಿದಳು.

"ರೀ, ಅತ್ತೇನ ಈಗಿಂದೀಗ ಆಸನದ ಆಸ್ಪತ್ರೆಗೆ ಕರ್ಕೊಂಡೋಗಿ... ಇಲ್ಲ, ಮಾವುಂಗೆ ಕೇಳ್ಬೇಡಿ. ಮಾತ್ರೆ ಡಬ್ಬ ಎಲ್ಲ ಎತ್ಕೊಳಿ, ಡಾಕ್ಟ್ರುಗೆ ತೋರ್ಸಿ. ನಾನ್ ಏಳ್ತಿದೀನಲ್ಲ!"

"ಮಡ್ಗು ಫೋನ!" ಕಾಂತರಾಜು ಗದರಿದ. "ನನ್ ಮಾತು ಮೀರಿ ನನ್ ಮನೆ ಒಸ್ಲು ತುಳೀತೀಯಾ ನೀನು?"

"ತುಳೀತೀನೋ ಇಲ್ವೋ ಆಮೇಲ್ ನೋಡಣ. ಈಗ ಸೀರೆ ಕೊಡಿ ಮಾವ."

"ಕೇಳಕ್ಕೆ ನೀನ್ಯಾರು?"

"ನಾನು ನಿಮ್ಮನೆ ಸೊಸೆ. ನಮ್ಮವ್ವುನ ತವರು ಅಂದ್ರೆ ಈಗ ನಾನೂವೆ. ತವರಿನ ಸೀರೆ ನಾನೂ ಒದುಸ್ಬೋದು. ಅಲ್ವಾ, ಕೇಳಿ ಯಾರ್ನಾದ್ರೂ."

ಚಟ್ಟ ಕಟ್ಟುತ್ತಿದ್ದ ಹಿರಿಯರೊಬ್ಬರು ತಲೆ ಎತ್ತದೆಯೇ, "ಸರಿಯಾಗೇ ಏಳೈತೆ ಕೂಸು. ಒತ್ತಾಯ್ತದೆ, ಒದ್ಸು," ಎಂದರು.

ರಂಜಿತಾ ಮಾವನ ಕಂಕುಳಿಗೆ ಕೈಹಾಕಿದಳು. ಅವನು ತೋಳು ಬಿಗಿಹಿಡಿದ. ಅವಳು ಎಳೆದಳು. ಸೀರೆಯ ಮಡಿಕೆ ಬಿಚ್ಚಿಕೊಂಡು ಇಬ್ಬರ ನಡುವೆ ಉದ್ದಕ್ಕೆ ಹಾಸಿಕೊಂಡಿತು. ಒಂದು ತುದಿ ಅವನ ತೋಳಡಿಯಲ್ಲೇ ಇತ್ತು; ಅದು ಜಾರುವ ತನಕ ಅವಳು ಎಳೆಯುವುದನ್ನು ಬಿಡಲಿಲ್ಲ.

ತಮಟೆ ಮತ್ತೆ ಶುರುವಾಯಿತು.

*

ತೋಟದ ಮೂಲೆಯಲ್ಲಿ ಮಣ್ಣು ಮಾಡಿ ಜನ ಹಿಂದಿರುಗುವ ಹೊತ್ತಿಗೆ ಬಿಸಿಲು ಇಳಿದಿತ್ತು. ರೂಪಶ್ರೀ ಮನೆ ಸಾರಿಸಿ, ಹೆಣ ಮಲಗಿಸಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟು, ಬಾಗಿಲ ಮುಂದೆ ಬಿಂದಿಗೆಗಳನ್ನು ತುಂಬಿಟ್ಟುಕೊಂಡು ನಿಂತಿದ್ದಳು. ಮಣ್ಣು ಹಾಕಿ ಬಂದವರು ಮನೆಯವರ ಕೈಯಿಂದ ನೀರು ಹಾಕಿಸಿಕೊಂಡು, ಕೈಕಾಲು ತೊಳೆದು, ದೀಪ ನೋಡಿ ಹೋಗಬೇಕು.

ಅವರ ಮಾತು ಅವರಿಗಿಂತ ಮೊದಲೇ ಬಂತು. "ಮಾತ್ರೆ ಅಂತೆ ಕಣ್ಲಾ." "ಎಲ್ಲಾರ ಉಂಟಾ? ಸೊಸೆ ಕಿತಾಪತಿ." "ನಮ್ಮವ್ವುಂಗೂ ಅದೇ ಡಬ್ಬ ತಂದುಕೊಟ್ಟಿದೀನಲ್ಲೋ ನಾನು, ಇವ್ನ ತಾವ್ಲೇ." "ಓಗ್ ಮೊದ್ಲು, ಬಿಸಾಕೋಗು."

ಸಣ್ಣಕ್ಕ ಬಿಂದಿಗೆಯ ಹತ್ತಿರದ ತನಕ ಬಂದು, ರೂಪಶ್ರೀ ಚೊಂಬು ಎತ್ತಿದ ಕೂಡಲೇ ಸೆರಗು ಸರಿಮಾಡಿಕೊಂಡು ಎದುರಿನ ತನ್ನ ಮನೆಯ ನಲ್ಲಿಗೆ ಹೋದಳು. ಅವಳ ಹಿಂದೆ ಇನ್ನಿಬ್ಬರು ಹೋದರು. ಆಮೇಲೆ ಬಂದವರೆಲ್ಲ ಅತ್ತಲೇ ತಿರುಗಿದರು. ಧರ್ಮೇಶ ಎರಡರ ನಡುವೆ ಬೀದಿಯಲ್ಲೇ ನಿಂತುಬಿಟ್ಟ. ಚನ್ನಪ್ಪ ಮಾತ್ರ ಕೋಲೂರಿಕೊಂಡು ಬಂದು ಕಾಲು ಚಾಚಿದರು. "ಆಕವ್ವ," ಎಂದರು. ಅವಳು ಹಾಕಿದಳು.

ಎಲ್ಲರಿಗಿಂತ ಹಿಂದೆ ಕಾಂತರಾಜು ಬಂದ. ಅಂಗಿಗೆಲ್ಲ ಕೆಮ್ಮಣ್ಣು. ಕಾರಿನ ಹತ್ತಿರ ಹೋದ. ಯಾರೋ ಹಾಕಿದ್ದ ಬಾಗಿಲಿಗೆ ಕೈಯಿಟ್ಟವನು ತೆರೆಯಲಿಲ್ಲ. ಹಿಂದಿರುಗಿ ಬಂದು ರೂಪಶ್ರೀಯ ಮುಂದೆ ನಿಂತ. ಮುಖ ನೋಡಲಿಲ್ಲ. ಎರಡೂ ಕೈ ಬೊಗಸೆ ಮಾಡಿ ಮುಂದೆ ಹಿಡಿದ.

ಅವಳು ನೀರು ಹಾಕತೊಡಗಿದಳು. ಬೆರಳ ಸಂದಿ, ಉಗುರಿನ ಸಂದಿಯಿಂದ ಮಣ್ಣು ಕೆಂಪಗೆ ಬಿಟ್ಟುಕೊಂಡು ಇಳಿಯಿತು.

ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ತೆಳ್ಳನೆಯ ಬಿಳಿ ಅಂಗಿಯ ಒಳಗಿಂದ ಬೆಳಕು ಕಾಣುತ್ತಿತ್ತು. ಬೀದಿಯ ಆಚೆ ನಲ್ಲಿಯ ಹತ್ತಿರವಿದ್ದವರೆಲ್ಲ ಇತ್ತ ತಿರುಗಿದರು. ರಂಜಿತಾ ಬಾಗಿಲಿಗೆ ಓಡಿ ಬಂದಳು. "ಅವ್ರೇ ಇರ್ಬೇಕು ಮಾವ. ಆಸ್ಪತ್ರೆಯಿಂದ. ಎತ್ತಿ."

ಫೋನು ಬಡಿದು ಬಡಿದು ನಿಂತಿತು. ಮತ್ತೆ ಬಡಿಯತೊಡಗಿತು. ನೀರು ಬೊಗಸೆ ತುಂಬಿ, ಮೊಣಕೈಯಿಂದ ಹರಿದು, ಅವನ ಪಾದದ ಸುತ್ತ ಕೆಸರಾಗುತ್ತಿತ್ತು. ಕಾಂತರಾಜು ಕೈ ಕದಲಿಸಲಿಲ್ಲ, ಸಾಕೆನ್ನಲೂ ಇಲ್ಲ. ರೂಪಶ್ರೀ ಚೊಂಬನ್ನು ಬಿಂದಿಗೆಗೆ ಅದ್ದಿ ಮತ್ತೆ ಸುರಿದಳು.